ದಾವೆ ನಂಬರು ೨೧೭

ಹೋದದ್ದು ಮೂಲಗೇಣಿ ಚೀಟಿಯ ನಕಲಿಗೆ.
ಕಾವೂರಿನ ಹದಿಮೂರು ಸೆಂಟ್ಸಿಗೆ ಈಗ
ಏಳು ಮಂದಿ ವಾರಸುದಾರರು, ತಮ್ಮೊಳಗೆ ಮಾತಿಲ್ಲ.
ರೆಕಾರ್ಡು ಕೋಣೆಯ ಪೂವಪ್ಪಣ್ಣ ಕೆಮ್ಮುತ್ತಾ
ಕೆಂಪು ಬಟ್ಟೆಯ ಕಟ್ಟೊಂದನ್ನು ಮೇಜಿಗೆ ಹಾಕಿ
"ನಿಮ್ಮದೇ ಮನೆ ಹೆಸರು ಮೇಡಂ. ಆದ್ರೆ
ಜಾಗದ್ದಲ್ಲ, ಹೆಂಗಸಿನದ್ದು" ಅಂದ.

ಇಸವಿ ೧೮೮೧. ಮಂಗಳೂರು ಮುನ್ಸೀಫರ ಕೋರ್ಟು.
ವಾದಿ: ಪಣಂಬೂರಿನ ಜಾರಪ್ಪ, ಬೇಸಾಯ, ಪ್ರಾಯ ಮೂವತ್ತೊಂದು.
ಪ್ರತಿವಾದಿ: ಅಂತಕ್ಕೆ.
ಮುಂದೆ ಏನೂ ಇಲ್ಲ.

ನನ್ನ ಅಜ್ಜಿಯ ಅಜ್ಜಿ.
ಹಿರಿಯರಿಗೆ ಬಡಿಸುವ ದಿನ ದೊಡ್ಡಮ್ಮ
ಇವಳಿಗೊಂದು ಎಲೆ ಬೇರೆಯೇ ಹಾಕುತ್ತಿದ್ದಳು:
"ಹೊಳೆ ದಾಟಿ ಬಂದವಳು."
ಯಾಕೆ ದಾಟಿದಳು ಎಂದರೆ
ಮುಳ್ಳು ನೋಡಿ ತಿನ್ನು ಅನ್ನುತ್ತಿದ್ದಳು.

ವಾದಿ ಬೇಡಿದ್ದು ಇಷ್ಟು:
ಒಂದು ಜೊತೆ ಕೊಪ್ಪು, ಎರಡು ಕಂಚಿನ ಬಟ್ಟಲು,
ಮತ್ತು ಹೆಂಡತಿ. ಇದೇ ಕ್ರಮದಲ್ಲಿ.
ಕ್ರಯದ ಕಲಮಿನಲ್ಲಿ ಕೊಪ್ಪಿಗೆ ಹದಿನಾರು ರೂಪಾಯಿ,
ಬಟ್ಟಲಿಗೆ ಎರಡೂವರೆ,
ಹೆಂಡತಿಯ ಎದುರು ಒಂದು ಗೆರೆ.

ಮೂರನೇ ಸಾಕ್ಷಿ ಕೂಳೂರು ಕಡವಿನ ಹಸನಬ್ಬ:
"ದಾಟಿಸಿದ್ದು ಹೌದು. ಚಂದ್ರ ಇರಲಿಲ್ಲ.
ಸೊಂಟದಲ್ಲಿ ಕುಕ್ಕೆ ಇತ್ತು, ಮೇಲೆ ಬಟ್ಟೆ.
ಒಳಗಿದ್ದದ್ದು ಕೋಳಿಯೋ ಮಗುವೋ, ನಾನು ಕೇಳಲಿಲ್ಲ.
ಕೂಲಿಯನ್ನೂ ಕೇಳಲಿಲ್ಲ."
ಮಗುವಿನ ಪ್ರಾಯ ಇರಬೇಕಾದಲ್ಲಿ
ಹುಳ ತಿಂದ ತೂತು.
ಅದರೊಳಗಿಂದ ಕೆಳಗಿನ ಹಾಳೆಯ
"ಸದರಿ" ಎಂಬ ಅಕ್ಷರ ಕಾಣುತ್ತದೆ.

ಜಾರಪ್ಪನ ಹೇಳಿಕೆ ಉದ್ದ. ಜಮೀನು, ಮಾನ, ಸಾಲ.
ಕೊನೆಗೆ, ಯಾರೂ ಕೇಳದೆ, ಒಂದು ಸಾಲು:
"ಅವಳು ಹೋದಂದಿನಿಂದ ದನ
ಯಾರ ಕೈಗೂ ಹಾಲು ಕೊಡುವುದಿಲ್ಲ."
ಅಂಚಿನಲ್ಲಿ ಮುನ್ಸೀಫರ ಶಾಯಿ: ಅಪ್ರಸ್ತುತ.
ಅಲ್ಲಿಯವರೆಗೆ ಅವನನ್ನು ದ್ವೇಷಿಸಲು
ನನಗೆ ಸುಲಭವಾಗಿತ್ತು.

ಅವಳಿಗೆ ಹದಿನೇಳು ಪ್ರಶ್ನೆ.
ಹೊಡೆದನೇ? ಇಲ್ಲ.
ಕುಡಿಯುತ್ತಾನೆಯೇ? ಎಲ್ಲರ ಹಾಗೆ.
ಹಾಗಾದರೆ ಹಿಂದೆ ಹೋಗಲು ಏನು ಅಡ್ಡಿ?
ಗುಮಾಸ್ತ ಬರೆದ: "ಪ್ರತಿವಾದಿಗೆ ಸಮ್ಮತವಿಲ್ಲ."
ಇಂಗ್ಲಿಷಿಗೆ ಇಳಿಸಿದವ ಇನ್ನೆರಡು ಸಾಲು ಸೇರಿಸಿದ,
ಕೋರ್ಟಿಗೂ ಒಂದು ಮರ್ಯಾದೆ ಇರಲೆಂದು.
ಅವಳು ಅಂದದ್ದು ತುಳುವಿನಲ್ಲಿ, ಒಂದೇ ಮಾತಿರಬೇಕು:
ಬೊಡ್ಚಿ.
ಎರಡನೇ ಸಲ ಅನ್ನ ಬಂದಾಗ ಎಲೆಗೆ ಕೈ ಅಡ್ಡ ಹಿಡಿದು
ನಮ್ಮ ಮನೆಯಲ್ಲಿ ಈಗಲೂ ಅನ್ನುವುದು.
ಸಿಟ್ಟಿರುವುದಿಲ್ಲ ಅದರಲ್ಲಿ.
ಹೊಟ್ಟೆ ತುಂಬಿದೆ ಎಂದೂ ಅಲ್ಲ, ಕೆಲವೊಮ್ಮೆ.

ಕೆಳಗೆ ರುಜುವಿನ ಬದಲು ಬಳೆಯ ಗುರುತು,
ಗುಮಾಸ್ತ ಕೈಹಿಡಿದು ಎಳೆಸಿದ ಉರುಟು.
ಶುರುವಾದಲ್ಲಿಗೆ ಬಂದು ಸೇರುವುದಿಲ್ಲ;
ಒಂದು ಅಕ್ಕಿಕಾಳಿನಷ್ಟು ಬಾಯಿ ಬಿಟ್ಟಿದೆ.

ತೀರ್ಪು ಅರ್ಧ ಹಾಳೆ:
ಅಳಿಯಸಂತಾನದವರ ಈ ಕೂಡಿಕೆ
ಕಾಯಿದೆ ಒಪ್ಪುವ ಮದುವೆಯಲ್ಲ.
ಇಲ್ಲದ್ದನ್ನು ಮುರಿಯಲೂ ಆಗದು, ಕೂಡಿಸಲೂ ಆಗದು.
ಬಟ್ಟಲು ಹಿಂದೆ ಕೊಡತಕ್ಕದ್ದು.
ಕೈಮೇಲೆ ಬಿದ್ದ ಧಾರೆಯ ನೀರು
ಯಾವಾಗಲೋ ಆರಿತ್ತಲ್ಲ, ಹಾಜರುಪಡಿಸುವುದೇನು?
ಹಾಗೆ, ಮದುವೆಯೇ ಅಲ್ಲದ್ದಕ್ಕೆ
ನಲವತ್ತೊಂದು ಹಾಳೆ ದಾಖಲೆ.
ನನ್ನ ಅಪ್ಪ ಅಮ್ಮನದ್ದಕ್ಕೆ
ಒಂದು ಮಸುಕು ಫೋಟೋ ಇದೆ.

ನಕಲಿಗೆ ಅರ್ಜಿ ತುಂಬಬೇಕು.
ತಂದೆ ಅಥವಾ ಗಂಡನ ಹೆಸರು. ಬರೆದೆ.
ಕಕ್ಷಿಗೂ ನಿಮಗೂ ಸಂಬಂಧ:
ಬೆರಳಗಲದ ಚೌಕ.
ತಾಯಿಯ ತಾಯಿಯ, ಎಂದು ಶುರುಮಾಡಿ
ಗೆರೆ ದಾಟಿ, ಠಸ್ಸೆಯ ಜಾಗಕ್ಕೂ ಹೋದೆ.
"ಇಷ್ಟು ಯಾಕೆ ಮೇಡಂ, ಮನೆಯವಳು ಅಂತ ಬರೆದ್ರೆ ಸಾಕು"
ಅಂದ ಪೂವಪ್ಪಣ್ಣ. ಅಳಿಸಲಿಲ್ಲ ನಾನು.

ಸಂಜೆ ಬೈಕಂಪಾಡಿಗೆ ಹೋಗುವ ಬಸ್ಸು,
ನನ್ನ ಬಾಡಿಗೆ ಮನೆ ಅತ್ತ ಕಡೆ.
ಕೂಳೂರು ಸೇತುವೆಯಲ್ಲಿ ಗ್ಯಾಸು ಟ್ಯಾಂಕರುಗಳ ಸಾಲು,
ಎಷ್ಟೋ ಹೊತ್ತು ಹೊಳೆಯ ನಡುಮಧ್ಯೆ ನಿಂತೆವು.
ಅವಳು ಬಿಟ್ಟ ದಡಕ್ಕೆ ಮುಖ ಮಾಡಿ ನಾನು,
ತೊಡೆಯ ಮೇಲೆ ಚೀಲ, ಮೇಲೆ ಶಾಲು.
ಪಕ್ಕದ ಹೆಂಗಸು ಒಳಗೇನೆಂದು ಕೇಳಲಿಲ್ಲ.