ಎಳ್ಳು ಹೂವಿನ ಕಣಜ

ಅಮಾವಾಸ್ಯೆಗೊಮ್ಮೆ, ಹುಣ್ಣಿಮೆಗೊಮ್ಮೆ
ಥ್ವಾ ಮೀನು ಮುಟ್ಟುವುದಿಲ್ಲ.
ಆವತ್ತು ತೋಳಿನ ಮೇಲೆ ಕೂತ ಸೊಳ್ಳೆಗೂ
ಊದಿ ಕಳಿಸುವ ಮರ್ಯಾದೆ.

ಮೆಕಾಂಗ್ ನದಿ ಒಂಬತ್ತು ಬಾಯಲ್ಲಿ
ಕಡಲಿನ ಜೊತೆ ಮಾತಾಡುವ ಸೀಮೆ.
ಕಾಲುವೆಯಾಚೆ ನಾಮ್ ಮಾವ,
ನಾಲ್ಕನೆಯವನಾಗಿ ಹುಟ್ಟಿ, ಅಲ್ಲಿಯ ಲೆಕ್ಕದಲ್ಲಿ ‘ಐದು’ ಎನಿಸಿಕೊಂಡವ,
ಬೆನ್ನಿಗೆ ನೀಲಿ ಡಬ್ಬಿ ಕಟ್ಟಿ
ಭತ್ತದೊಳಗೆ ಬಿಳಿ ಮೋಡ ಬಿಡುತ್ತ ನಡೆಯುತ್ತಾನೆ.
ಈಚೆ ದಡದ ಬದುವಿನ ಮೇಲೆ ಎಳ್ಳು, ಕಾಸ್ಮಾಸ್.
“ಏನವ್ವಾ, ಈ ಸಲ ಅನ್ನದ ಬದಲು ಹಾರ ಉಣ್ಣುತ್ತೀಯೋ?”
ಅವಳು ನಗಲಿಲ್ಲ.
ಹೋದ ಸುಗ್ಗಿಯಲ್ಲಿ ಜಿಗಿಹುಳು ಸುಟ್ಟದ್ದು
ಅವಳ ಗದ್ದೆಯನ್ನೂ, ಅವನದನ್ನೂ.
ಔಷಧಿ ಹೊಡೆದಿದ್ದರು ಇಬ್ಬರೂ. ಮೂರು ಸಲ.

ಸ್ಕೂಟರಿನಲ್ಲಿ ಬಂದ ಕೃಷಿ ಇಲಾಖೆಯ ಹುಡುಗಿ ದಿಯೆಮ್,
ಕೊರಳಲ್ಲಿ ತಾಯಿತದಂತೆ ಭೂತಗನ್ನಡಿ,
ಭತ್ತದ ದಂಟಿನ ಸಿಪ್ಪೆ ಉಗುರಿನಿಂದ ಸೀಳಿ
“ನೋಡಕ್ಕಾ” ಅಂದಿದ್ದಳು.
ಒಳಗೆ ಮೊಟ್ಟೆಗಳ ಸಾಲು, ಬಾಳೆಯ ಚಿಪ್ಪಿನ ಹಾಗೆ,
ಇರುವೆಗಳ ಸಂತೆಯಲ್ಲಿ ಮಾರುವಂಥ ಬಾಳೆ.
ಬಿಳಿಯವು ಜಿಗಿಹುಳುವಿನವು.
ಕೆಂಪೇರಿದವು
ಹೊರಗಿನಿಂದ ಮಾತ್ರ ಜಿಗಿಹುಳುವಿನವು.

ಒಳಗಿರುವುದು ಕಣಜದ ಮರಿ.
ಪೂರ್ಣವಿರಾಮದ ಚುಕ್ಕೆಯಲ್ಲಿ ಅಡಗಬಲ್ಲ ಕಣಜ;
ನಮ್ಮನ್ನು ಕುಟುಕದು, ಗೂಡು ಕಟ್ಟದು,
ಬದುಕುವುದು ಎಣಿಸಿದಷ್ಟು ದಿನ.
ಅಷ್ಟಕ್ಕೂ ಒಂದು ಗುಟುಕು ಸಿಹಿ ಬೇಕು.
ಸಿಗದಿದ್ದರೆ ಬೆಳಗಿನ ಕಣಜಕ್ಕೆ ಸಂಜೆ ಬಲು ದೂರ.
ಭತ್ತವೂ ಹೂ ಬಿಡುತ್ತದೆ ನಿಜ, ಆದರೆ ಗಾಳಿಗಾಗಿ;
ಬಂದ ನೆಂಟರಿಗೆ ಅಲ್ಲಿ ಹನಿಯೂ ಇಲ್ಲ.

ನನ್ನ ನುಡಿಯಲ್ಲಿ ಕಾಳು ತುಂಬಿಡುವುದೂ ಕಣಜ,
ಕೊಂಡಿಯಿರುವ ಹುಳುವೂ ಕಣಜ.
ಥ್ವಾಳ ನುಡಿಯಲ್ಲಿ ಈ ಗಂಟು ಬಿದ್ದಿಲ್ಲ.
ಅವಳು ಎಳ್ಳಿನ ಬುಡಕ್ಕೆ ನೀರು ಹೊಯ್ದಳು, ಅಷ್ಟೆ.

ಹುಣ್ಣಿಮೆಯ ಸಂಜೆ ಬುದ್ಧನ ಮುಂದೆ ಊದುಬತ್ತಿ ಹಚ್ಚಿ
ಏಳದೆ ಕೂತಳು.
ಸಿಹಿ ಕುಡಿಸಿ ಕಳಿಸುತ್ತಿದ್ದೇನೆ. ಎಲ್ಲಿಗೆ?
ಇನ್ನೊಬ್ಬಳ ತೊಟ್ಟಿಲಿಗೆ.
ಮಲಗಿದ ಕೂಸಿನೊಳಗೆ ತನ್ನ ಕೂಸನ್ನಿಟ್ಟು ಬರಲು.
ನಾಮ್ ಮಾವನ ಪಾಪ ಮೋಡದಷ್ಟು, ಊರಿಗೆಲ್ಲ ಕಾಣುತ್ತದೆ;
ನನ್ನದು ಎಳ್ಳಷ್ಟು.
ಎಳ್ಳಷ್ಟಾದರೂ ಅದೀಗ ಹೂ ಬಿಟ್ಟು ನಿಂತಿದೆ.
ಬುದ್ಧ ಏನೂ ಅನ್ನಲಿಲ್ಲ.
ಅವನ ಮುಂದಿನ ಹೂದಾನಿಯಲ್ಲೂ ಅದೇ ಕಾಸ್ಮಾಸ್.

ಕೊಯ್ಲಿನ ಹೊತ್ತಿಗೆ ಅವಳ ಗದ್ದೆಯಲ್ಲಿ
ಚಾಪೆಯಗಲ ಎರಡೇ ಕಡೆ ಸುಟ್ಟ ಕಲೆ.
ಒಂದು ಬೆಳಿಗ್ಗೆ ಬಿದಿರು ಸೇತುವೆ ಕಿರುಗುಟ್ಟಿತು.
“ಒಂದಿಷ್ಟು ಎಳ್ಳು ಇದ್ದರೆ ಕೊಡು. ಮೊಮ್ಮಗಳು ಎಳ್ಳುಂಡೆ ಕೇಳ್ತಿದ್ದಾಳೆ.”
“ಎಷ್ಟು ಉಂಡೆಗೆ?”
ನಾಮ್ ಮಾವ ತಿರುಗಿ ನೋಡಿದ,
ಕಾಲುವೆಯಾಚೆ ತನ್ನ ಬದು
ಎಲ್ಲಿಂದ ಎಲ್ಲಿಯವರೆಗಿದೆ ಎಂದು.
ಬೆನ್ನ ಮೇಲೆ ಡಬ್ಬಿ ಇನ್ನೂ ಇತ್ತು.