ಮುಳ್ಳು ಜಿಗಿಯುವ ಜಾಗ

ಆಷಾಢದಲ್ಲಿ ಬ್ಯಾಂಡಿನವರಿಗೆ ಕೆಲಸವಿಲ್ಲ.
ದಾವಣಗೆರೆ ಪೂರ್ತಿ ಲಗ್ನ ನಿಲ್ಲಿಸಿ ಕೂತಿರುತ್ತದೆ,
ಗೂಟದಲ್ಲಿ ಕೋಟು, ಕೋಟಿನ ಜೇಬಲ್ಲಿ ಹೋದ ಮದುವೆಯ ಅಕ್ಷತೆ.
ಆಗ ದಾದಾಪೀರ್, ಮಂಡಕ್ಕಿ ಭಟ್ಟಿಯ ಹಿಂದಿನ ಕೋಣೆಯಲ್ಲಿ,
ತನ್ನ ಕ್ಲಾರಿನೆಟ್ಟಿಗಿಂತ ಮೆತ್ತಗೆ ಹಿಡಿದು
ಹೊರಗೆ ತೆಗೆಯುತ್ತಿದ್ದ
ಒಂದು ಕರೀ ತಟ್ಟೆ.

ಮಿಲ್ಲಿಗೆ ಮಗ್ಗ ಕೂರಿಸಲು ಬಂದ
ಜೆಕೊಸ್ಲೊವಾಕಿಯಾದ ಎಂಜಿನಿಯರು
ಅವನ ಅಪ್ಪನಿಗೆ ಕೊಟ್ಟು ಹೋದದ್ದು.
ಮಿರ್ಚಿ ಕಚ್ಚಿ ಕಣ್ಣೀರಿಟ್ಟವನಿಗೆ ಬೆಲ್ಲ ಕೊಟ್ಟದ್ದಕ್ಕೆ,
ಅಂತ ಒಂದು ಮಾತು.
ಮಗ್ಗ ಗುಜರಿಗೆ ಹೋದವು.
ಆ ಹೆಸರಿನ ದೇಶವೂ ಈಗಿಲ್ಲ.
ತಟ್ಟೆ ಇತ್ತು, ದುಂಡಗೆ.

ಕತೆ ಹೇಳುವ ಸಂಗೀತವಂತೆ ಅದು.
ಹಾಡುವವರಿಲ್ಲ, ಮಾತಿಲ್ಲ,
ತೊಂಬತ್ತು ಮಂದಿ ಕೂಡಿ ಒಂದೇ ಕತೆ ನುಡಿಸುವುದು.
ಏನು ಕತೆ ಎಂದು ಹೊದಿಕೆಯ ಬೆನ್ನಿಗೆ ಬರೆದಿತ್ತು;
ಅದನ್ನು ಗೆದ್ದಲು ಓದಿ ಮುಗಿಸಿತ್ತು.

ಹಾಗಾಗಿ ನಮ್ಮನಮ್ಮಲ್ಲೇ ಜಗಳ.
ಟ್ರಾಂಬೋನಿನ ತಿಪ್ಪೇಶಿ: ‘ಕೆರೆ ಐತೆ ಅಲ್ಲಿ. ನೀರಾಗೆ ಯಾರೋ ಅದಾರೆ.’
ಕಾರ್ನೆಟ್ಟಿನ ಪರಸಪ್ಪ: ‘ಅಲ್ಲಲೇ, ದಿಬ್ಬಣ ದಾರಿ ತಪ್ಪೈತೆ.
ಕೇಳು, ಕುದುರೆ ಹಿಂದಕ್ಕೆ ಸರೀತೈತೆ.’
ನಾನು ಬಾಸ್ ಡ್ರಮ್ಮಿನವ. ಕತೆ ಕಟ್ಟಿಕೊಂಡು ನನಗೇನು,
ನನ್ನಂಥವನು ಎಲ್ಲಿ ಹೊಡೆಯುತ್ತಾನೆ ಅಂತ ಕಾಯುತ್ತಿದ್ದೆ.
ಇನ್ನೂರು ಎಣಿಸಿದ ಮೇಲೆ
ನೆಲದೊಳಗಿಂದ ಬಂದಂತೆ ಒಂದು ಪೆಟ್ಟು.
ಒಂದೇ.
‘ಎಷ್ಟು ಕೊಡ್ತಾರೋ ಅವನಿಗೆ’ ಅಂದೆ. ನಕ್ಕರು.
ಗೋಡೆಯಾಚೆ ಕಾದ ಮರಳಲ್ಲಿ ಅಕ್ಕಿ ಚಟಪಟ ಅರಳುತ್ತಿತ್ತು.
ಪಿಟೀಲಿನವರು ಕಮಾನು ಬಿಟ್ಟು ತಂತಿ ಚಿವುಟುವಾಗ
ಯಾವುದು ಭಟ್ಟಿ ಯಾವುದು ತಟ್ಟೆ
ತಿಳಿಯುತ್ತಿರಲಿಲ್ಲ.

ಆಮೇಲೆ ಆ ಜಾಗ.
ಗದ್ದಲ ಇಳಿದು, ಇನ್ನೇನೋ ಬರುತ್ತದೆ ಅನ್ನುವಾಗ
ಟಕ್.
ಗೀರು ಬಿದ್ದಿತ್ತು, ಮುಳ್ಳು ಜಿಗಿಯುತ್ತಿತ್ತು,
ಒಮ್ಮೆಲೇ ತುತ್ತೂರಿಗಳ ಅಬ್ಬರ.
ಮೂವತ್ತು ವರ್ಷ ನಾವು ಕೇಳಿದ್ದು ಹಾಗೆ:
ಕೆರೆಯಿಂದ ನೇರ ಬೆಂಕಿಗೆ.
‘ಅಲ್ಲೇ ಯಾರೋ ಸಾಯ್ತಾರೆ’ ಅಂತಿದ್ದ ದಾದಾಪೀರ್,
‘ಅದಕ್ಕೇ ಕೇಳ್ಸಂಗಿಲ್ಲ.’

ಅವನೂ ಹೋದ.
ಅವರಲ್ಲಿ ಮಯ್ಯತ್ತಿಗೆ ವಾದ್ಯವಿಲ್ಲ.
ನಾನು ತೊಡೆಯ ಮೇಲೆ ಅಂಗೈ ಬಡಿದೆ, ಒಂದು ಸಲ.

ಮೊನ್ನೆ ಮೊಮ್ಮಗಳು ಶಾಹಿನಾ ಮೊಬೈಲು ತಂದಳು.
‘ಸಿಕ್ತು ಕಾಕಾ. ಒಂದೀಟು ಗುನುಗಿದೆ, ಅದೇ ಹುಡುಕ್ತು.’
ಅಂಗೈಯಗಲದಲ್ಲಿ ತೊಂಬತ್ತು ಜನ. ಕರೀ ಕೋಟು,
ಜರಿಯಿಲ್ಲ, ಭುಜಕ್ಕೆ ಕುಚ್ಚಿಲ್ಲ.
ವಾದ್ಯವಿಲ್ಲದವನೊಬ್ಬ ಕಡ್ಡಿ ಎತ್ತಿದ,
ಎಲ್ಲರೂ ಒಂದೇ ಉಸಿರು ಎಳೆದರು.
ಕೊನೆಯ ಸಾಲಲ್ಲಿ ನನ್ನವ. ಬೋಳುತಲೆ. ಕೈ ಕಟ್ಟಿ ಕೂತಿದ್ದ.
ಎದ್ದ. ಹೊಡೆದ.
ಚರ್ಮಕ್ಕೆ ಅಂಗೈಯೊತ್ತಿ ದನಿ ಅಡಗಿಸಿದ,
ನಾನು ಮಾಡುವ ಹಾಗೇ, ಮಗು ಮಲಗಿಸಿದ ಹಾಗೆ.

ಆ ಜಾಗ ಬಂತು. ನನ್ನ ಹಲ್ಲು ತಾನೇ ಟಕ್ ಅಂದಿತು.
ಅಲ್ಲಿ ಏನೂ ಜಿಗಿಯಲಿಲ್ಲ.
ಪಿಟೀಲುಗಳೆಲ್ಲ ಕಮಾನು ಇಳಿಸಿದವು.
ನರೆತ ಕೂದಲಿನ ಹೆಂಗಸೊಬ್ಬಳು
ಕ್ಲಾರಿನೆಟ್ಟು ತುಟಿಗಿಟ್ಟಳು,
ಒಬ್ಬಳೇ.
ಎಷ್ಟು ಹೊತ್ತೋ, ಎಣಿಸುವುದು ಮರೆತೆ.
ಸಾವಲ್ಲ ಅಲ್ಲಿದ್ದದ್ದು.
ಯಾರೋ ನೀರು ಸೇದಿ, ಕೊಡ ಕೆಳಗಿಟ್ಟು,
ಸೆರಗಿಂದ ಮುಖ ಒರೆಸಿಕೊಂಡಂತೆ.
ಅಷ್ಟೇ.
ಮೂವತ್ತು ವರ್ಷ
ಅವನ ವಾದ್ಯವೇ ಆ ಗೀರಿನಡಿ ಕೂತಿತ್ತು.

ನಿನ್ನೆ ಲಗ್ನ. ಅಶೋಕ ಟಾಕೀಸ್ ಹತ್ತಿರ ಗೇಟು ಬಿತ್ತು.
ದಿಬ್ಬಣ ನಿಂತಿತು. ಬಾರಿಸ್ರೋ, ಅಂತ ಬೀಗರ ಕಡೆ ಹುಡುಗರು.
ಕೋಲೆತ್ತಿ ಹಿಡಿದೇ ಇದ್ದೆ.
ಗೂಡ್ಸ್ ಗಾಡಿ. ಐವತ್ತೆಂಟು ಡಬ್ಬಿ.
ಹೊಡೆಯಲಿಲ್ಲ.
ಕ್ಲಾರಿನೆಟ್ಟಿನ ಹೊಸ ಹುಡುಗ ತಿರುಗಿ ನೋಡಿದ.
‘ನೀನು ಊದು’ ಅಂದೆ.
‘ಯಾವುದು ಮಾಸ್ತರ?’
‘ಯಾವುದಾದ್ರೂ. ಒಬ್ನೇ.’