ಹದಿನೇಳನೇ ಕಂಬ

ನನ್ನ ಕೆಲಸ ಇಷ್ಟ: ಹುಬ್ಬಳ್ಳಿ ಓಣಿ ಓಣಿಗೆ ಏಣಿ ಹೊತ್ತು
ಸತ್ತ ದೀಪಗಳ ಲೆಕ್ಕ ಬರಿಯೂದು.
ಸೆಟ್ಲಮೆಂಟಿನ ಹದಿನೇಳನೇ ಕಂಬಕ್ಕ
ಒಂದ ವರ್ಷದಾಗ ಹನ್ನೊಂದು ಬಲ್ಬು.
ವಹಿಯೊಳಗ ಕಾರಣ ಬರಿಯೂ ಜಾಗಾ ಸಣ್ಣದು,
ಒಂದ ಶಬ್ದ ಹಿಡಸ್ತೈತಿ:
ಕಿಡಿಗೇಡಿಗಳು.
ಹನ್ನೊಂದ ಸಲ ಬರದು ಬರದು
ಅಕ್ಷರ ದುಂಡಗ ಆಗ್ಯಾವ.

ಕಲ್ಲು ಒಗಿಯಾಂವ ಯಾರಂತ ಓಣಿಗೆಲ್ಲ ಗೊತ್ತು.
ಯಮನೂರ. ಹದಿನೈದರಾಂವ.
ಎಂಟನೇತ್ತೆ ಬಿಟ್ಟು ಗುಜರಿ ಅಂಗಡ್ಯಾಗ ತೂಕದ ಕಲ್ಲ ಎತ್ತಾಂವ,
ಸಂಜಿಗೆ ಗುಟಕಾ, ರಾತ್ರಿಗೆ ಇಸ್ಪೇಟ,
ನಡುವ ಯಾರದರೆ ಕಿಸೆ.
ಅವನ ಗುರಿ ನೋಡಿದ್ರ
ಯಾವುದರೆ ಮೈದಾನದಾಗ ಇರಬೇಕಿತ್ತು ಅನಸ್ತೈತಿ.
ಮೈದಾನಕ್ಕ ಗೇಟ ಐತಿ, ಗೇಟಿಗೆ ವಾಚಮನ್.

ಗಣಪತಿ ಹಬ್ಬಕ್ಕ ವಾರ ಮೊದಲ
ಸ್ಟೇಷನ್ ಅಂಗಳದಾಗ ಓಣಿ ಹುಡುಗ್ರನ ಸಾಲಿಗೆ ಕುಂದರಸ್ತಾರ,
ಮಾಡಿದಾಂವ, ಮಾಡದಾಂವ,
ಇನ್ನ ಮುಂದ ಮಾಡಬಹುದಾದಾಂವ.
ಮುಚ್ಚಳಿಕೆ ಮ್ಯಾಲ ಹೆಬ್ಬಟ್ಟಲ್ಲ ಈಗ, ಸಹಿ.
ಸಾಲಿ ಕಲಿಸಿದ್ದು ಅಷ್ಟರೆ ಉಪಯೋಗಕ್ಕ ಬಂತು.
"ನೀ ದಿನಾ ಅಡ್ಡಾಡಾಂವ, ನಾಕ ಹೆಸರ ಕೊಡು" ಅಂದ್ರು ಸಾಹೇಬ್ರು.
ಪೆನ್ನು ಕಿಸೇದಾಗ ಇತ್ತು.
"ಬಲ್ಬ ಒಡದ ಮ್ಯಾಲ ಕತ್ತಲರೀ ಸಾಹೇಬ್ರ,
ಯಾರೂ ಕಾಣೂದಿಲ್ಲ" ಅಂದೆ.

ಹನ್ನೆರಡನೇದು ತಗೊಂಡು ಹೋದ ದಿನ
ಕಂಬದ ಬುಡಕ್ಕ ಅವನ ಆಯಿ, ಹುಲಿಗೆವ್ವ,
ಕಸಬರಗಿ ಕಟ್ಟಕೋತ ಕುಂತಿದ್ದಳು.
"ಇಲ್ಲಿ ತಂತಿ ಬೇಲಿ ಇತ್ತೋ ತಮ್ಮಾ, ನಮ್ಮಪ್ಪನ ಕಾಲಕ್ಕ.
ದಿನಾ ಹಾಜರಿ.
ಕೂಸು ಹುಟ್ಟಿದ್ರ ವಹ್ಯಾಗ ಏರಸ್ತಿದ್ರಂತ,
ಮಲಿ ಕುಡಿಯೂಕಿಂತ ಮೊದಲ ಕಳ್ಳ.
ಆಗೂ ಒಂದ ಕಂದೀಲು ತೂಗ್ತಿತ್ತು ಬಾಗಲ ಮುಂದ.
ನಮಗ ಕಾಣಲಿ ಅಂತಲ್ಲ.
ನಾವು ಕಾಣಲಿ ಅಂತ."
ಅಂದು, ಕಡ್ಡಿ ನೆಲಕ್ಕ ಕುಟ್ಟಿ ಸಮಾ ಮಾಡಿದಳು.

ಏರಿ ನೋಡಿದೆ. ಹೌದು.
ದೀಪದ ಬಾಯಿ ನೆಟ್ಟಗ ಅವರ ಹೊಸ್ತಲಕ್ಕ:
ಬಾಗಲದ ಬದಲಿ ಹಳೇ ಸೀರಿ,
ಸೀರಿ ಹಿಂದ ಸಾಲಾಗಿ ಐದ ಮಂದಿ, ಅಕ್ಕನ ಬಾಣಂತನ.
ಎಂಟ ದಿನಕ್ಕೊಮ್ಮೆ ನಡುರಾತ್ರಿ ನೀರ ಬರೂ ನಳ ಮಾತ್ರ
ಇಪ್ಪತ್ತ ಹೆಜ್ಜಿ ಆಚೆ, ಕತ್ತಲದಾಗ,
ಕೊಡಕ್ಕ ಕೊಡ ಬಡದು ಜಗಳ.

"ಏಯ್ ಯಮನೂರಾ, ಗೋಡಿ ಹಿಂದ ಅದಿ ಅಂತ ಗೊತ್ತೈತಿ.
ಕಲ್ಲ ಅಲ್ಲೇ ಬಿಟ್ಟು ಬಾ. ಪಾನಾ ಕೊಡು."
ಬಂದ.
ಇಬ್ರೂ ಕೂಡಿ ದೀಪದ ಕುತ್ತಿಗಿ ತಿರುವಿದ್ವಿ, ನಳದ ಕಡೆ.
ನಟ್ಟು ಜಂಗ ಹಿಡದಿತ್ತು; ಅವನ ಅಂಗೈ ಹರೀತು,
ಬೈದ ಒಂದ ಬೈಗಳಾ, ನನಗೋ ನಟ್ಟಿಗೋ.

ಶಿವರಾತ್ರಿ ದಾಟಿತು. ಬಲ್ಬು ಉರೀತಾನ ಇತ್ತು.

ಇಲ್ಲಿಗೇ ಮುಗಿಸಿದ್ರ ಚಂದಿತ್ತು.
ಹೋಳಿ ಹುಣ್ಣಿವಿ ಮುಂದ ಬಸ್‌ಸ್ಟ್ಯಾಂಡಿನಾಗ ಸಿಕ್ಕಬಿದ್ದ,
ಮುದುಕಿಯೊಬ್ಬಾಕಿ ಸೆರಗಿನ ಗಂಟ ಬಿಚ್ಚಿ.
ಔಷಧದ ರೊಕ್ಕ ಅದು.
ಕದ್ದಿದ್ದ. ಸುಳ್ಳ ಯಾಕ ಹೇಳಲಿ.
ಹುಲಿಗೆವ್ವ ಆ ಮುದುಕಿ ಮನಿ ಹುಡಿಕ್ಯಾಡಿ
ಕುಂದಗೋಳ ಮಟಾ ಹೋಗಿ
ಆರ ಕಸಬರಗಿ ಕೊಟ್ಟ ಬಂದಳು. ರೊಕ್ಕ ಇರಲಿಲ್ಲ.

ಧಾರವಾಡದಿಂದ ಬಿಟ್ಟು ಬಂದ ದಿನ, ಬೋಳ ತಲಿ,
ಮನಿಗೆ ಹೋಗೂಕಿಂತ ಮೊದಲ ಕಂಬದ ಹತ್ರ ನಿಂತಿದ್ದ.
ದೀಪ ಆರಿತ್ತು.
"ನಾ ಅಲ್ಲ" ಅಂದ.
"ಗೊತ್ತು. ತಾನ ಸತ್ತೈತಿ. ಈ ಕಂಬಕ್ಕ ಇದ ಮೊದಲ."
ವಹಿ ತಗದು ಬರದೆ,
ಕಾರಣ: ಆಯುಷ್ಯ ಮುಗಿದು.

ಏಣಿ ಆನಿಸಿದೆ. ಬುಡಾ ಹಿಡಿ ಅಂದೆ.
ಎಂಬತ್ತ ಕಿಲೋ ನಾನು, ಪೂರಾ ಅವನ ಕೈಯಾಗ.
ಮ್ಯಾಲಿಂದ ಬಗ್ಗಿ ನೋಡಿದರ
ಒಂದ ಕೈಲೆ ಹಿಡದಾನ,
ಇನ್ನೊಂದರಾಗ ಮೊಬೈಲು.
ಯಾರದಂತ ಕೇಳಲಿಲ್ಲ.
ಇಳದ ಮ್ಯಾಲ ಕೇಳಬೇಕು.